ಕಾಲುವೆ ನೀರಿನ ಲೆಕ್ಕದಲ್ಲಿ ಸೂರು ಮತ್ತು ಕಸುಬು: ಬಳ್ಳಾರಿ, ಸಿರುಗುಪ್ಪ, ಕುರುಗೋಡು

ಬಳ್ಳಾರಿ: ಕಡಲಿನಿಂದ ಬಹುದೂರವಿರುವ ಬಳ್ಳಾರಿ ಜಿಲ್ಲೆಗೂ ಒಂದು ದಂಡೆಯಿದೆ, ಒಂದು ಹಂಗಾಮಿದೆ. ಕರಾವಳಿಯಲ್ಲಿ ಮೀನುಗಾರಿಕೆಯ ನಿಷೇಧದ ದಿನಗಳು ದುಡಿಮೆಯ ಪಂಚಾಂಗವನ್ನು ನಿರ್ಧರಿಸುವಂತೆ ಇಲ್ಲಿ ತುಂಗಭದ್ರಾ ಜಲಾಶಯದ ಕಾಲುವೆಗೆ ನೀರು ಬಿಡುವ ಮತ್ತು ನಿಲ್ಲಿಸುವ ದಿನಾಂಕಗಳು ಕೂಲಿ, ಬಾಡಿಗೆ, ಸಾಲ ಮೂರನ್ನೂ ನಿರ್ಧರಿಸುತ್ತವೆ. ಸಿರುಗುಪ್ಪದ ಭತ್ತ, ಕುರುಗೋಡಿನ ಮೆಣಸಿನಕಾಯಿ, ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಇವು ಬೇರೆಬೇರೆ ಕಸುಬುಗಳಂತೆ ಕಂಡರೂ, ಒಂದೇ ಕುಟುಂಬದ ಮೂವರು ಈ ಮೂರರಲ್ಲಿ ದುಡಿಯುವುದು ಈ ಭಾಗದಲ್ಲಿ ಅಪರೂಪವೇನಲ್ಲ.

2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕಗೊಂಡ ಬಳಿಕ ಬಳ್ಳಾರಿ ಜಿಲ್ಲೆಯಲ್ಲಿ ಉಳಿದದ್ದು ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ ಮತ್ತು ಸಂಡೂರು ತಾಲ್ಲೂಕುಗಳು. ತುಂಗಭದ್ರಾ ಜಲಾಶಯ ಮಾತ್ರ ನೆರೆ ಜಿಲ್ಲೆಯ ಪಾಲಾಯಿತು. ನೀರಿನ ಅವಲಂಬನೆ ಎಂದಿನಂತೆಯೇ ಉಳಿಯಿತು.

ಹಂಗಾಮು ತಪ್ಪಿದ ವರ್ಷ

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ತಡೆ ಅಳವಡಿಸಿದ್ದರಿಂದ ಆ ವರ್ಷದ ಬೆಳೆ ಉಳಿಯಿತಾದರೂ, ಏಳು ದಶಕ ಹಳೆಯದಾದ 33 ಗೇಟುಗಳನ್ನೂ ಬದಲಿಸಬೇಕೆಂಬುದು ಸ್ಪಷ್ಟವಾಯಿತು. 2025ರ ಮಳೆಗಾಲದಲ್ಲಿ ಜಲಾಶಯದ ಸಂಗ್ರಹವನ್ನು ಸುಮಾರು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಅದೇ ನವೆಂಬರ್‌ನಲ್ಲಿ, ಗೇಟ್ ಅಳವಡಿಕೆಗಾಗಿ ಎರಡನೇ ಬೆಳೆಗೆ ನೀರು ಬಿಡದಿರಲು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿತು. ಅಣೆಕಟ್ಟೆಯ ಭದ್ರತೆಯ ದೃಷ್ಟಿಯಿಂದ ಈ ತೀರ್ಮಾನವನ್ನು ಆಕ್ಷೇಪಿಸುವುದು ಕಷ್ಟ. ಆದರೆ ಪರಿಹಾರದ ಬೇಡಿಕೆಗಳೆಲ್ಲ ಪಹಣಿಯಲ್ಲಿ ಹೆಸರಿರುವ ರೈತರ ಸುತ್ತಲೇ ಸುತ್ತಿದವು. ನಾಟಿ ಮಾಡುವ ಹೆಂಗಸರು, ಅಕ್ಕಿ ಗಿರಣಿಯ ಹಮಾಲರು, ಗಿರಣಿಯ ಮುಂದಿನ ಚಹಾದಂಗಡಿಯವರು, ಟ್ರ್ಯಾಕ್ಟರ್ ದುರಸ್ತಿಯವರು ಯಾವ ದಾಖಲೆಯಲ್ಲಿಯೂ ಬೆಳೆ ಕಳೆದುಕೊಂಡವರಲ್ಲ.

ಸಿರುಗುಪ್ಪದಲ್ಲಿ ಬಲದಂಡೆ ಕೆಳಮಟ್ಟದ ಕಾಲುವೆಯೂ ನದಿಯೂ ಸೇರಿ ಭತ್ತದ ಆರ್ಥಿಕತೆಯನ್ನು ಕಟ್ಟಿವೆ. ಸೋನಾ ಮಸೂರಿ ಅಕ್ಕಿಯ ಗಿರಣಿಗಳು ಪಟ್ಟಣದ ಮುಖ್ಯ ಉದ್ದಿಮೆ. ಎರಡು ಬೆಳೆಯ ವರ್ಷದಲ್ಲಿ ವರ್ಷದ ಹೆಚ್ಚಿನ ಭಾಗ ಕೆಲಸವಿರುತ್ತದೆ. ಒಂದೇ ಬೆಳೆಯಾದರೆ ಬೆಂಗಳೂರಿನ ಕಟ್ಟಡ ಕಾಮಗಾರಿಗೆ ಗುಳೆ ಹೋಗುವುದು ಅನಿವಾರ್ಯವಾಗುತ್ತದೆ. ಗುಳೆ ಹೋದ ಮನೆಗೆ ಬೀಗ ಬಿದ್ದಿರುವಾಗಲೇ ವಸತಿ ಯೋಜನೆಯ ಪರಿಶೀಲನೆಗೆ ಅಧಿಕಾರಿಗಳು ಬಂದರೆ ಫಲಾನುಭವಿ ಸಿಗುವುದಿಲ್ಲ. ತಳಪಾಯ, ಗೋಡೆ, ಚಾವಣಿ ಎಂದು ಹಂತಹಂತವಾಗಿ, ಛಾಯಾಚಿತ್ರ ನೋಡಿ ಹಣ ಬಿಡುಗಡೆಯಾಗುವ ಪದ್ಧತಿಯಲ್ಲಿ ಇದು ಸಣ್ಣ ಮಾತಲ್ಲ.

ನದಿ ಬಿಟ್ಟು ಹೋಗದ ಜನ

ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ವೇದಾವತಿ, ಅರ್ಥಾತ್ ಹಗರಿ, ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮರಳಿನ ಬಯಲಾಗಿ ಕಾಣುವ ಹಗರಿ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ತುಂಗಭದ್ರೆಯೊಡನೆ ಉಕ್ಕಿ ಹರಿದು ದಂಡೆಯ ಗ್ರಾಮಗಳನ್ನು ಮುಳುಗಿಸಿತು. ಮಣ್ಣಿನ ಮಾಳಿಗೆ ಮನೆಗಳು ನೀರಿನಲ್ಲಿ ಕರಗಿದವು. ಸಂತ್ರಸ್ತರಿಗಾಗಿ ರಾಜ್ಯ ಸರ್ಕಾರ ದಾನಿಗಳ ನೆರವಿನೊಂದಿಗೆ ‘ಆಸರೆ’ ಯೋಜನೆಯಡಿ ಎತ್ತರದ ಸ್ಥಳಗಳಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು.

ಉತ್ತರ ಕರ್ನಾಟಕದ ಹಲವೆಡೆ ಈ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದ ಸಂಗತಿ ಬಹುಚರ್ಚಿತ. ಜನರನ್ನು ಹಟಮಾರಿಗಳೆಂದು ದೂರಿದವರೂ ಉಂಟು. ಹೊಸ ಮನೆ ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ, ಹಿಟ್ಟಿನ ಗಿರಣಿಯಿಲ್ಲ, ಅಂಗಡಿಯಿಟ್ಟರೆ ಗಿರಾಕಿಯಿಲ್ಲ ಎಂಬುದು ಆ ಹಟದ ಒಳಗಿನ ಲೆಕ್ಕ. ಮನೆಯನ್ನು ಮಲಗುವ ಜಾಗವೆಂದಷ್ಟೇ ಎಣಿಸಿದ ಯೋಜನೆಯು ಅದನ್ನು ದುಡಿಯುವ ಜಾಗವೆಂದು ಎಣಿಸುವ ಕುಟುಂಬಕ್ಕೆ ಅರೆಬರೆಯಾಗಿಯೇ ಉಳಿಯುತ್ತದೆ. ಬಳ್ಳಾರಿ ನಗರದಲ್ಲಿ ಈ ಅಂಶ ಇನ್ನೂ ತೀಕ್ಷ್ಣವಾಗಿ ಎದುರಾಗುತ್ತದೆ.

ಹೊಲಿಗೆ ಯಂತ್ರವಿರುವ ಮನೆ

ಬ್ರಿಟಿಷರ ದಂಡುಪ್ರದೇಶವಾಗಿದ್ದ ಬಳ್ಳಾರಿಗೆ ಸೈನಿಕರ ಸಮವಸ್ತ್ರ ಹೊಲಿಯಲು ಮರಾಠಿ ಭಾಷಿಕ ದರ್ಜಿಗಳು ಬಂದು ನೆಲೆಸಿದರು. ಅವರ ಕೈಗುಣವೇ 1980ರ ದಶಕದ ಹೊತ್ತಿಗೆ ಡೆನಿಮ್‌ಗೆ ಹೊರಳಿ ‘ಬಳ್ಳಾರಿ ಜೀನ್ಸ್’ ಎಂಬ ಹೆಸರಾಯಿತು. ಕೌಲ್‌ಬಜಾರ್ ಸೇರಿದಂತೆ ನಗರದ ಹಲವು ಬಡಾವಣೆಗಳಲ್ಲಿ ಒಂದು ಪ್ಯಾಂಟು ನಾಲ್ಕಾರು ಮನೆಗಳನ್ನು ಸುತ್ತಿ ಸಿದ್ಧವಾಗುತ್ತದೆ. ಒಂದೆಡೆ ಕತ್ತರಿಕೆ, ಇನ್ನೊಂದೆಡೆ ಹೊಲಿಗೆ, ಮತ್ತೊಂದೆಡೆ ಕಾಜಾ ಮತ್ತು ಗುಂಡಿ; ಹೆಚ್ಚುವರಿ ದಾರ ಕತ್ತರಿಸುವ ಕೆಲಸ ಹೆಂಗಸರ ಪಾಲಿಗೆ, ಜಗುಲಿಯ ಮೇಲೆ. ಕೂಲಿ ಎಲ್ಲವೂ ತುಂಡು ಲೆಕ್ಕದಲ್ಲಿ. ಹಬ್ಬ ಮತ್ತು ಕಾಲೇಜು ಆರಂಭದ ತಿಂಗಳುಗಳಲ್ಲಿ ರಾತ್ರಿಯೂ ಯಂತ್ರ ನಿಲ್ಲದು. ಉಳಿದ ದಿನಗಳಲ್ಲಿ ಬಾಡಿಗೆ ಕಟ್ಟುವುದೇ ಚಿಂತೆ.

ಈ ಉದ್ಯಮಕ್ಕೆ ಬಿದ್ದ ಪೆಟ್ಟುಗಳು ಎಲ್ಲರಿಗೂ ತಿಳಿದವೇ: 2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್. ತೊಳೆಯುವ ಘಟಕಗಳ ತೊಡಕು ಮಾತ್ರ ಬೇರೆ ಬಗೆಯದು. ಬಣ್ಣ ಮಾಸಿದ ನೋಟ ನೀಡಲು ಜೀನ್ಸ್‌ಗೆ ಅಪಾರ ನೀರು ಬೇಕು, ಹೊರಬೀಳುವ ನೀರನ್ನು ಶುದ್ಧೀಕರಿಸಲೂ ಬೇಕು. ಅಲ್ಲೀಪುರ ಮತ್ತು ಮೋಕಾ ಕೆರೆಗಳಲ್ಲಿ ಕಾಲುವೆ ನೀರನ್ನು ಕೂಡಿಟ್ಟು ಕುಡಿಯುವ ಊರಿನಲ್ಲಿ ಸಣ್ಣ ಘಟಕವೊಂದು ತನ್ನಷ್ಟಕ್ಕೆ ಶುದ್ಧೀಕರಣ ಸ್ಥಾವರ ಕಟ್ಟಿಕೊಳ್ಳುವುದು ಆಗದ ಮಾತು. ಸಾಮಾನ್ಯ ಸ್ಥಾವರದ ಬೇಡಿಕೆ ಹಳೆಯದು. 2022ರ ಭಾರತ್ ಜೋಡೋ ಯಾತ್ರೆಯ ವೇಳೆ ಜೀನ್ಸ್ ಕಾರ್ಮಿಕರನ್ನು ಭೇಟಿಯಾಗಿದ್ದ ರಾಹುಲ್ ಗಾಂಧಿ, 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ 5,000 ಕೋಟಿ ರೂಪಾಯಿಗಳ ಜೀನ್ಸ್ ಪಾರ್ಕ್ ಭರವಸೆ ನೀಡಿದರು. ಬಳಿಕ ಸಂಜೀವರಾಯನಕೋಟೆಯ ಬಳಿ ಪಾರ್ಕ್‌ಗೆ ಜಾಗ ಗುರುತಿಸಲಾಯಿತು. ಪಾರ್ಕ್ ದೊಡ್ಡ ಘಟಕಗಳಿಗೆ ಅನುಕೂಲವೇ ಸರಿ. ಜಗುಲಿಯ ಮೇಲೆ ದಾರ ಕತ್ತರಿಸುವವಳು ಮಗುವನ್ನು ಬಿಟ್ಟು ಅಷ್ಟು ದೂರ ಹೋಗುವಳೇ ಎಂಬ ಪ್ರಶ್ನೆಯನ್ನು ಯೋಜನೆಯ ನಕ್ಷೆ ಕೇಳುವುದಿಲ್ಲ.

ಯೋಜನೆಗಳು ಏನು ಕೊಡುತ್ತವೆ

2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0ರಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಂಡರೆ ಕೇಂದ್ರದ ಪಾಲು 1.5 ಲಕ್ಷ, ರಾಜ್ಯದ ಪಾಲು ಕನಿಷ್ಠ 1 ಲಕ್ಷ ರೂಪಾಯಿ. ದೇಶದ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಮನೆ ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಥವಾ ಜಂಟಿಯಾಗಿ ಇರಬೇಕು. ತೊಡಕಿರುವುದು ‘ಸ್ವಂತ ನಿವೇಶನ’ ಎಂಬ ಎರಡು ಪದಗಳಲ್ಲಿ. ಬಾಡಿಗೆ ಮನೆಯ ದರ್ಜಿಗೆ, ಖಾತೆಯಿಲ್ಲದ ಜಾಗದಲ್ಲಿ ತಲೆಮಾರಿನಿಂದ ನೆಲೆಸಿದವನಿಗೆ ಈ ಹಣ ಕನ್ನಡಿಯ ಗಂಟು. ಅಂಥವರಿಗಾಗಿ ಅದೇ ಯೋಜನೆಯಲ್ಲಿ ಕೈಗೆಟುಕುವ ಬಾಡಿಗೆ ವಸತಿಯ ಘಟಕವೊಂದಿದೆ. ಕೈಗಾರಿಕಾ ಕಾರ್ಮಿಕರು, ಬೀದಿ ವ್ಯಾಪಾರಿಗಳು, ವಲಸಿಗರು ಅದರ ವ್ಯಾಪ್ತಿಯಲ್ಲಿ ಬರುತ್ತಾರೆ. ಹಂಗಾಮಿನ ಮೇಲೆ ಬದುಕುವ ಊರಿಗೆ ಹೊಂದುವುದು ಇದೇ.

ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನೆರವು, ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಕುರುಗೋಡಿನ ಸುತ್ತಲ ಹಳ್ಳಿಗಳಲ್ಲಿ ಒಣಮೆಣಸಿನಕಾಯಿಯನ್ನು ಹರಡಲು, ಚೀಲ ಒಟ್ಟಲು, ತೊಟ್ಟು ಬಿಡಿಸಲು ಮಾಳಿಗೆ ಮತ್ತು ಅಂಗಳವೇ ಆಸರೆ. 25 ಚದರ ಮೀಟರ್‌ನಲ್ಲಿ ಜನ ಮಲಗಬಹುದು, ಚೀಲಗಳು ನಿಲ್ಲಲಾರವು. ದಾಸ್ತಾನು ಮಾಡಲಾಗದ ಬೆಳೆಗಾರ ಬಂದ ಬೆಲೆಗೆ ಮಾರುತ್ತಾನೆ. ಈ ಭಾಗದ ಬೆಳೆಗಾರರು ಮೆಣಸಿನಕಾಯಿಯನ್ನು ಹಾವೇರಿ ಜಿಲ್ಲೆಯ ಬ್ಯಾಡಗಿಯವರೆಗೆ ಒಯ್ಯುವುದು ವಾಡಿಕೆ. 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆಯ ಕಚೇರಿಗೆ ಮತ್ತು ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆ ಇನ್ನೂ ಹಸಿಯಾಗಿದೆ. ಹತ್ತಿರದಲ್ಲೇ ಮಾರುಕಟ್ಟೆ ಮತ್ತು ಶೀತಲಗೃಹ ಬೇಕೆಂಬ ಕೂಗು ಅದಕ್ಕೂ ಮುಂಚಿನದು.

ಕಸುಬಿನ ನೆರವಿನಲ್ಲಿ ದರ್ಜಿಗಳಿಗೆ ನೇರವಾಗಿ ಅನ್ವಯಿಸುವುದು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ. ಅದರ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಮರುಪಾವತಿಯ ಬಳಿಕ 2 ಲಕ್ಷ ರೂಪಾಯಿ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಸ್ವಉದ್ಯೋಗಿಯಾಗಿರಬೇಕೆಂಬ ನಿಯಮವೂ ಇದೆ. ಮಾಲೀಕನ ಬಟ್ಟೆಯನ್ನು ತನ್ನ ಯಂತ್ರದಲ್ಲಿ ತುಂಡು ಲೆಕ್ಕಕ್ಕೆ ಹೊಲಿಯುವವನು ಕಾರ್ಮಿಕನೋ ಸ್ವಉದ್ಯೋಗಿಯೋ ಎಂಬುದನ್ನು ಅರ್ಜಿ ಪರಿಶೀಲಿಸುವವರು ಬಗೆಹರಿಸಬೇಕು. ಬೀದಿ ವ್ಯಾಪಾರಿಗಳಿಗೆ 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿಯನ್ನು 2025ರಲ್ಲಿ ಪರಿಷ್ಕರಿಸಿ 2030ರ ಮಾರ್ಚ್‌ವರೆಗೆ ಮುಂದುವರಿಸಲಾಗಿದೆ. ಕಂತುಗಳು 15,000, 25,000 ಮತ್ತು 50,000 ರೂಪಾಯಿ. ಮಾಸಿಕ ಮರುಪಾವತಿಯೇ ಇದರ ಕ್ರಮ. ದೊಡ್ಡಬಸವೇಶ್ವರ ಜಾತ್ರೆಯಲ್ಲಿ ನಾಲ್ಕು ದಿನ ಚೆನ್ನಾಗಿ ವ್ಯಾಪಾರ ಮಾಡಿ ಮುಂದೆ ಸುಗ್ಗಿಯವರೆಗೆ ಕಾಯುವ ಕುರುಗೋಡಿನ ವ್ಯಾಪಾರಿಯ ವರಮಾನಕ್ಕೂ ಬ್ಯಾಂಕಿನ ಮಾಸಿಕ ಕಂತಿಗೂ ತಾಳ ಕೂಡುವುದು ಕಡಿಮೆ. ಬೆಳೆಸಾಲಕ್ಕೆ ಸುಗ್ಗಿಯ ಹೊತ್ತಿನ ಮರುಪಾವತಿ ಒಪ್ಪುವ ಬ್ಯಾಂಕುಗಳು ಸುಗ್ಗಿಯನ್ನೇ ನೆಚ್ಚಿದ ಅಂಗಡಿಗೂ ಅದನ್ನು ಒಪ್ಪಬಾರದೇಕೆ?

2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5ರ ಜಿಎಸ್‌ಟಿ ಅನ್ವಯವಾಗಿದ್ದು, ಸಾವಿರ ರೂಪಾಯಿಯ ಹಳೆಯ ಗಡಿ ದಾಟಿದ್ದ ಬಳ್ಳಾರಿ ಜೀನ್ಸ್‌ಗೆ ಲಾಭವಾಗಿದೆ. ಕಿರು ಮತ್ತು ಸಣ್ಣ ಘಟಕಗಳಿಗೆ 45 ದಿನಗಳೊಳಗೆ ಹಣ ಪಾವತಿಸದ ಖರೀದಿದಾರನಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ವೆಚ್ಚದ ಕಡಿತ ದೊರೆಯದೆಂಬ ನಿಯಮವೂ 2024-25ರ ಕರನಿರ್ಧಾರ ವರ್ಷದಿಂದ ಜಾರಿಯಲ್ಲಿದೆ. ಇದರ ರಕ್ಷಣೆ ಸಿಗುವುದು ಉದ್ಯಮ್ ನೋಂದಣಿ ಮಾಡಿಸಿಕೊಂಡ ಘಟಕಕ್ಕೆ. ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಆದರೂ ನೋಂದಾಯಿತರಿಂದ ಕೊಂಡರೆ ಬೇಗ ಹಣ ಕೊಡಬೇಕಾದೀತೆಂದು ವ್ಯಾಪಾರಿ ಬೇರೆಡೆ ಹೋದಾನೆಂಬ ಅಳುಕು ಸಣ್ಣ ಘಟಕದವರಲ್ಲಿ ಇದ್ದೇ ಇದೆ. ಉದ್ದರಿಯ ಮೇಲೆಯೇ ನಡೆದುಬಂದ ಪೇಟೆಯಲ್ಲಿ ಆ ಅಳುಕನ್ನು ಆಧಾರರಹಿತವೆಂದು ತಳ್ಳಿಹಾಕಲಾಗದು.