ಖಾನಾಪುರ ರಸ್ತೆಯ ಕಾಲೇಜುಗಳು ಮತ್ತು ಇಂಗಾಲದ ಲೆಕ್ಕ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಊರು ದಾಟುವ ಮುನ್ನ ಉದ್ಯಮಬಾಗ. ಅಲ್ಲಿ ಫೌಂಡ್ರಿಗಳ ಮಗ್ಗುಲಲ್ಲೇ 1979ರಲ್ಲಿ ಆರಂಭವಾದ ಗೋಗಟೆ ಎಂಜಿನಿಯರಿಂಗ್ ಕಾಲೇಜು ಇದೆ. ಮುಂದೆ ಮಚ್ಛೆಯಲ್ಲಿ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಆವರಣ. ಖಾನಾಪುರ ದಾಟಿದರೆ ಮಲಪ್ರಭೆ ಹುಟ್ಟುವ ಕಣಕುಂಬಿ, ಭೀಮಗಡದ ಕಾಡು. ಕಾಲೇಜು ಆವರಣ ಇಂಗಾಲ ತಟಸ್ಥವಾಗುವುದು ಹೇಗೆಂದು ಕೇಳುವವರು ಈ ರಸ್ತೆಯಲ್ಲೊಮ್ಮೆ ಹೋಗಿಬರಬೇಕು. ಕರೆಂಟು, ನೀರು, ಮಣ್ಣು, ಮರ, ಓಡಾಟ, ಎಲ್ಲವೂ ಇಲ್ಲಿವೆ.

ಗಿಡದಿಂದ ಪಾಠಕ್ಕೆ

ಬಹುಕಾಲ ಹಸಿರು ಆವರಣ ಎಂದರೆ ಗಿಡ ನೆಡುವುದೇ ಆಗಿತ್ತು. 1950ರಲ್ಲಿ ಶುರುವಾದ ವನಮಹೋತ್ಸವ ಮಳೆಗಾಲ ಬಂದಾಗಲೆಲ್ಲ ಕಾಲೇಜುಗಳಿಗೂ ಬಂತು. ಕಟ್ಟಡವನ್ನೂ ಒಲೆಯನ್ನೂ ವಿಜ್ಞಾನದ ವಿಷಯವಾಗಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಅಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಕಡಿಮೆ ಸೌದೆ ಬೇಡುವ ಒಲೆ ಮತ್ತು ಸುಡದೆ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯ ಮೇಲೆ ದುಡಿಯಿತು. ಇಂಗಾಲ ತಟಸ್ಥ ಎಂಬ ಮಾತು ಬಳಕೆಗೆ ಬರುವ ಎಷ್ಟೋ ಮೊದಲೇ ಕರ್ನಾಟಕಕ್ಕೆ ಈ ದಾರಿ ಗೊತ್ತಿತ್ತು.

1990ರ ತಲ್ವಾರ್ ಘೋಷಣೆಯಲ್ಲಿ ಜಗತ್ತಿನ ಹಲವು ವಿಶ್ವವಿದ್ಯಾಲಯಗಳು ಪರಿಸರದ ಹೊಣೆ ಹೊತ್ತವು. ಮರುವರ್ಷ, ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಪರಿಸರ ಪಾಠ ಕಡ್ಡಾಯವಾಗಬೇಕೆಂದಿತು. ಅದರಂತೆ ಯುಜಿಸಿ ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯ ತಂದಿತು. ಪಾಠ ಹುಡುಗರ ತಲೆಗೆ ಹೋಯಿತು, ಪಾಠ ನಡೆಯುವ ಕಟ್ಟಡ ಮಾತ್ರ ಹಾಗೇ ಉಳಿಯಿತು.

ಲೆಕ್ಕ ಬಂದ ಮೇಲೆ

ತಿರುವು ಬಂದದ್ದು ಅಳತೆಯಿಂದ. 2001ರ ಹಸಿರುಮನೆ ಅನಿಲ ಲೆಕ್ಕಪದ್ಧತಿ ಹೊಗೆಯನ್ನು ಮೂರು ಖಾತೆಗಳಾಗಿ ವಿಂಗಡಿಸಿತು. ಆವರಣದಲ್ಲೇ ಉರಿಯುವ ಡೀಸೆಲ್, ಗ್ಯಾಸು ಮೊದಲನೆಯದು. ಕೊಂಡ ಕರೆಂಟು ಎರಡನೆಯದು. ಓಡಾಟ, ಸರಕು, ಕಸ ಮೂರನೆಯದು. 2007ರಲ್ಲಿ ಹಸಿರು ಕಟ್ಟಡಗಳಿಗೆ ‘ಗೃಹ’ ಶ್ರೇಯಾಂಕ ಬಂತು. ನ್ಯಾಕ್‌ನ 2017ರ ಪರಿಷ್ಕೃತ ಕಾಲೇಜು ಮೌಲ್ಯಮಾಪನ ಚೌಕಟ್ಟು ಏಳನೇ ಮಾನದಂಡದಲ್ಲಿ ಪರಿಸರಕ್ಕೆ ಅಂಕ ಇಟ್ಟಿತು, ಗ್ರೀನ್ ಆಡಿಟ್ ಕಾಲೇಜುಗಳ ನಿತ್ಯದ ಮಾತಾಯಿತು. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತ 2070ಕ್ಕೆ ನಿವ್ವಳ ಶೂನ್ಯದ ಗುರಿ ಘೋಷಿಸಿತು.

ಹೆಚ್ಚಿನ ಕಡೆ ಮೊದಲ ಹೆಜ್ಜೆ ಮಾಳಿಗೆಯ ಸೋಲಾರ್. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ಫಲಕ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾಗಿ ಉಳಿಯುವುದು ಹತ್ತಿರಹತ್ತಿರ ಒಂದು ಟನ್.

ಇನ್ನು ಮೂರನೇ ಖಾತೆ ನೋಡೋಣ. ಖಾನಾಪುರದಿಂದ ಬೆಳಗಾವಿಗೆ ದಿನಾ ಬೈಕಿನಲ್ಲಿ ಹೋಗಿಬರುವ ವಿದ್ಯಾರ್ಥಿಗೆ ಸುಮಾರು ಒಂದು ಲೀಟರ್ ಪೆಟ್ರೋಲು ಬೇಕು. ಅದರ ಹೊಗೆ 2.3 ಕೆಜಿ. ಇನ್ನೂರು ದಿನಕ್ಕೆ 460 ಕೆಜಿ. ಇಬ್ಬರು ಬೈಕ್ ಸವಾರರು ಸೇರಿದರೆ ಒಂದು ಕಿಲೋವ್ಯಾಟ್ ಸೋಲಾರಿನ ಫಲ ಬಹುತೇಕ ಕರಗಿತು. ಬೆಳೆದ ಮರವೊಂದು ವರ್ಷಕ್ಕೆ 20 ಕೆಜಿಯಷ್ಟು ಹೀರುತ್ತದೆಂಬ ಸಾಮಾನ್ಯ ಅಂದಾಜು ಹಿಡಿದರೆ, ಒಬ್ಬನ ಓಡಾಟಕ್ಕೇ ಇಪ್ಪತ್ಮೂರು ಮರ ಬೇಕು.

ಇದಕ್ಕೆ ಮದ್ದು ಕೈಯಳತೆಯಲ್ಲೇ ಇದೆ. ವಿದ್ಯಾರ್ಥಿ ಬಸ್ ಪಾಸು ಇದೆ. 2023ರ ಜೂನ್‌ನಿಂದ ಹುಡುಗಿಯರಿಗೆ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಇದೆ. ಲೋಂಡಾ ಕಡೆಯ ರೈಲು ಇದೆ. ಕಾಲೇಜಿನ ಗಂಟೆಗೂ ಬಸ್ಸಿನ ವೇಳೆಗೂ ಹೊಂದಿಕೆ ಮಾಡಿಸುವುದು ಪ್ರಾಂಶುಪಾಲರು ಮತ್ತು ಡಿಪೋ ಕುಳಿತು ಮುಗಿಸಬಹುದಾದ ಕೆಲಸ. ಅದನ್ನೂ ಇಂಗಾಲ ಇಳಿಸುವ ಕೆಲಸವೆಂದೇ ಎಣಿಸಬೇಕು.

ಖಾನಾಪುರ ಕಲಿಸುವುದು

ಬೆಳಗಾವಿಯ ನೀರು ರಾಕಸಕೊಪ್ಪದಿಂದಲೂ ಹಿಡಕಲ್‌ನಿಂದಲೂ ಬರುತ್ತದೆ. ದೂರದಿಂದ ಪಂಪು ಮಾಡಿ ತರುವ ನೀರಿನಲ್ಲಿ ಕರೆಂಟೂ ಅಡಗಿದೆ. ಸಹ್ಯಾದ್ರಿಯ ಮಳೆ ಬೀಳುವ ಈ ಸೀಮೆಯಲ್ಲಿ ಹಾಸ್ಟೆಲ್ ಮಾಳಿಗೆಯ ನೀರು ಚರಂಡಿ ಸೇರುವುದೆಂದರೆ ಎರಡು ನಷ್ಟ.

ಖಾನಾಪುರದ ಮಣ್ಣು ಹಂಚು, ಇಟ್ಟಿಗೆ, ಕುಂಬಾರಿಕೆಗೆ ಹೆಸರಾದದ್ದು. ಖಾದಿ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲೇ. ಹೊಸ ಕಟ್ಟಡದ ಸ್ಲ್ಯಾಬಿನ ಕೆಳಭಾಗದಲ್ಲಿ ಹಂಚು ಹುದುಗಿಸಿ ಕಾಂಕ್ರೀಟು ಉಳಿಸುವ ಲಾರಿ ಬೇಕರ್ ಪ್ರಚುರಪಡಿಸಿದ ವಿಧಾನ ಈ ಊರಿಗೆ ಒಪ್ಪುತ್ತದೆ. ಹಂಚು ಸುಡಲೂ ಇಂಧನ ಬೇಕು, ಆ ಲೆಕ್ಕವನ್ನೂ ಬರೆಯಲೇಬೇಕು.

ಕಾಡಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುವುದಿದೆ. 2011ರಲ್ಲಿ ಅಭಯಾರಣ್ಯವಾದ ಭೀಮಗಡ ಪೇಟೆಯ ಹೊಗೆಗೆ ಹೊಂದಿಸುವ ಜಮೆಯಲ್ಲ. ಅದು ಮಲಪ್ರಭೆ, ಮಹದಾಯಿಗಳ ತವರು. ಬಾರಾಪೇಡೆ ಗುಹೆಗಳ ಅಪರೂಪದ ರಾಟನ್ ಬಾವಲಿಯ ಮನೆ. ಅಮೆರಿಕದ ‘ಕಾಲೇಜ್ ಆಫ್ ದಿ ಅಟ್ಲಾಂಟಿಕ್’ 2007ರಲ್ಲಿ ಹೊರಗಿನಿಂದ ಕೊಂಡ ಇಂಗಾಲದ ಜಮೆಯ ನೆರವಿನಿಂದ ಇಂಗಾಲ ತಟಸ್ಥವೆನಿಸಿತು. ಮುಂದೆ ಅದೇ ಕಾಲೇಜು ಪಳೆಯುಳಿಕೆ ಇಂಧನವನ್ನೇ ಬಿಡುವ ಗುರಿಗೆ ಹೊರಳಿತು. ಆ ಅನುಭವ ನಮಗೂ ಪಾಠ: ಮೊದಲು ಇಳಿಸಬೇಕು, ಇಳಿಸಲಾಗದ್ದಕ್ಕಷ್ಟೇ ಮರ.

ಹೆಸ್ಕಾಂ ಬಿಲ್ಲು, ಜನರೇಟರಿನ ಡೀಸೆಲ್, ಮೆಸ್ಸಿನ ಸಿಲಿಂಡರು, ಹುಡುಗರು ಬರುವ ದಾರಿ, ಈ ನಾಲ್ಕನ್ನು ಬರೆದಿಡಲು ದುಬಾರಿ ಯಂತ್ರ ಬೇಡ. ವಿದ್ಯಾರ್ಥಿಗಳೇ ಲೆಕ್ಕ ಮಾಡಲಿ. ಪ್ರತಿ ವರ್ಷ ಫಲಿತಾಂಶದ ಪಟ್ಟಿಯ ಪಕ್ಕದಲ್ಲೇ ಅದನ್ನೂ ಅಂಟಿಸಲಿ. ಕಳೆದ ವರ್ಷಕ್ಕಿಂತ ಅಂಕಿ ಇಳಿದಿದ್ದರೆ ಆ ಆವರಣ ಸರಿದಾರಿಯಲ್ಲಿದೆ.