ಮೊದಲ ಕಯಾಕ್ ಯಾನ: ದೆಹಲಿಯಿಂದ ಸೀತಾನದಿಯ ಹಿನ್ನೀರಿಗೆ

ರಾಜಧಾನಿಯಲ್ಲಿ ನೆಲೆನಿಂತ ಕನ್ನಡ ಕುಟುಂಬಗಳ ಮಕ್ಕಳು ಈಚೆಗೆ ರಜೆ ಬಂದೊಡನೆ ಮುಂದಿಡುವ ಬೇಡಿಕೆಗಳಲ್ಲಿ ಕಯಾಕ್ ಯಾನವೂ ಸೇರಿಕೊಂಡಿದೆ. ಮುನಿರ್ಕಾ, ರಾಮಕೃಷ್ಣಪುರಂ, ವಸಂತಕುಂಜಗಳಲ್ಲಿ ಹುಟ್ಟಿ ಬೆಳೆದ ಈ ಮಕ್ಕಳಿಗೆ ನೀರೆಂದರೆ ನಲ್ಲಿಯ ನೀರು, ಇಲ್ಲವೇ ಈಜುಕೊಳದ ನೀರು. ಹೊಳೆಯ ದಡದಲ್ಲಿ ಬೆಳೆದ ಅಜ್ಜ ಅಜ್ಜಿಯರಿಗೆ ಇದ್ದ ನೀರಿನ ಪರಿಚಯವಾಗಲಿ, ನೀರಿನ ಭಯವಾಗಲಿ ಇವರಿಗೆ ಇಲ್ಲ. ಆದುದರಿಂದ ಇಂಥ ಪ್ರವಾಸವನ್ನು ತಕ್ಕ ಸಿದ್ಧತೆಯಿಂದ ಯೋಜಿಸಬೇಕಾದ ಹೊಣೆ ಹಿರಿಯರ ಮೇಲಿದೆ. ಆ ಸಿದ್ಧತೆಗೆ ಬೇಕಾದ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ.

ಕಯಾಕ್ ಮತ್ತು ಕನೂ ಎರಡೂ ಒಂದೇ ಎಂಬ ಭಾವನೆ ಹಲವರಲ್ಲಿದೆ. ಕಯಾಕ್ ಉತ್ತರ ಧ್ರುವ ಪ್ರದೇಶದ ಇನ್ಯುಯಿಟ್ ಜನರ ಬೇಟೆಯ ದೋಣಿ. ಮರ ಅಥವಾ ಮೂಳೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡುತ್ತಿದ್ದುದು. ಅದರಲ್ಲಿ ಕಾಲು ಚಾಚಿ ಕುಳಿತು, ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಎಳೆಯಬೇಕು. ಕನೂ ತೆರೆದ ದೋಣಿ. ಮಂಡಿಯೂರಿ ಅಥವಾ ಅಡ್ಡಹಲಗೆಯ ಮೇಲೆ ಕುಳಿತು, ಒಂದೇ ಅಲಗಿನ ಹುಟ್ಟಿನಿಂದ ನಡೆಸುವಂಥದು. ನಮ್ಮ ಕರಾವಳಿಯ ಸಣ್ಣ ಪಾತಿದೋಣಿ ಕನೂವಿಗೆ ಹತ್ತಿರದ ನಂಟು. ಹರಿಗೋಲಿನ ವಿಷಯ ಬೇರೆ. ಬುಟ್ಟಿಯಂತೆ ದುಂಡಗಿದ್ದು ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಜನ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯ್ಸ್ ಬರೆದಿಟ್ಟಿದ್ದಾನೆ. ಹುಟ್ಟು ಹಾಕುವ ವಿದ್ಯೆ ಕನ್ನಡ ನಾಡಿಗೆ ಹೊಸತಲ್ಲ.

ದೆಹಲಿಯವರಿಗೆ ಕಯಾಕ್ ಎಂದೊಡನೆ ನೆನಪಾಗುವುದು ಹೃಷೀಕೇಶ. ದೂರ ಸುಮಾರು 250 ಕಿ.ಮೀ.; ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಮನೆ ಸೇರಬಹುದು. ಆದರೆ ಮೊದಲ ಬಾರಿಗೆ ಹುಟ್ಟು ಹಿಡಿಯುವವರಿಗೆ ಅದು ತಕ್ಕ ಸ್ಥಳವಲ್ಲ. ಹರಿವ ನೀರಿನ ರಭಸವನ್ನು ಒಂದರಿಂದ ಆರರವರೆಗಿನ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಅಳೆಯುತ್ತಾರೆ. ಶಿವಪುರಿಯ ಆಸುಪಾಸಿನಲ್ಲಿ ಗಂಗೆ ಮೂರನೆಯ ಶ್ರೇಣಿಯ ಭೋರ್ಗರೆತಗಳನ್ನೂ ಅದಕ್ಕೂ ಮೇಲಿನವನ್ನೂ ಉಳ್ಳದ್ದು. ಹಿಮದ ನೀರಾದ್ದರಿಂದ ಮಾರ್ಚಿಯಲ್ಲೂ ಮೈ ಮರಗಟ್ಟಿಸುವಷ್ಟು ತಣ್ಣಗಿರುತ್ತದೆ. ರಬ್ಬರ್ ದೋಣಿಯಲ್ಲಿ ಮಾರ್ಗದರ್ಶಕನ ಜತೆ ಎಂಟು ಮಂದಿ ಕುಳಿತು ಸಾಗುವುದು ಬೇರೆ, ಕಯಾಕಿನಲ್ಲಿ ಒಬ್ಬರೇ ಮಗುಚಿ ಎದ್ದು ಬರುವುದು ಬೇರೆ. 2018ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಸರಿಯಾದ ನಿಯಮಗಳು ಆಗುವವರೆಗೆ ರಾಜ್ಯದಲ್ಲಿ ಜಲಕ್ರೀಡೆಗಳನ್ನೇ ನಿಲ್ಲಿಸಿತ್ತೆಂಬುದನ್ನು ಓದುಗರು ಸ್ಮರಿಸಬಹುದು. ಅಲ್ಲಿ ರಾಫ್ಟಿಂಗಿಗೆ 14 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸುವಂತಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅದು ಪೂರ್ತಿ ಬಂದ್. ಕಯಾಕ್ ಕಲಿತ ಮೇಲೆ, ಎರಡನೆಯ ಅಥವಾ ಮೂರನೆಯ ವರ್ಷ, ಅಲ್ಲಿನ ಶಾಲೆಗಳಿಗೆ ಹೋಗುವುದು ಉಚಿತ.

ಇನ್ನು ದೆಹಲಿಯ ಒಳಗೆ? ಯಮುನೆಯ ಸ್ಥಿತಿ ಎಲ್ಲರೂ ಬಲ್ಲದ್ದೇ. ಭಲಸ್ವಾ ಸರೋವರದಲ್ಲಿ ಒಂದು ಕಾಲಕ್ಕೆ ದೋಣಿಕ್ರೀಡೆಗಳು ನಡೆಯುತ್ತಿದ್ದವು. ಇಂದು ಅದರ ಪಕ್ಕದಲ್ಲಿರುವುದು ಕಸದ ಬೆಟ್ಟ.

ಆದುದರಿಂದ ವರ್ಷಕ್ಕೊಮ್ಮೆ ಊರಿಗೆ ಹೋಗುವ ಸಂದರ್ಭವನ್ನೇ ಬಳಸಿಕೊಳ್ಳುವುದು ಮೇಲು. ಕರ್ನಾಟಕದಲ್ಲಿ ಅನುಕೂಲವಾದ ನೀರು ಹಲವು ಕಡೆ ಇದೆ. ಆದರೆ ಎಲ್ಲವೂ ಒಂದೇ ತೆರನಾದದ್ದಲ್ಲ. ದಾಂಡೇಲಿ ಸಮೀಪದ ಗಣೇಶಗುಡಿಯಲ್ಲಿ ಕಾಳಿ ನದಿಯ ಮಟ್ಟ ಮಳೆಗಿಂತ ಹೆಚ್ಚಾಗಿ ಸೂಪಾ ಅಣೆಕಟ್ಟಿನ ವಿದ್ಯುದಾಗಾರವನ್ನು ಅವಲಂಬಿಸಿದೆ. ಯಂತ್ರಗಳು ತಿರುಗಿದಾಗ ನೀರು ಏರುತ್ತದೆ, ನಿಂತಾಗ ಇಳಿಯುತ್ತದೆ. ಸಾಗರ ತಾಲೂಕಿನ ಹೊನ್ನೆಮರಡು ಲಿಂಗನಮಕ್ಕಿಯ ಹಿನ್ನೀರಿನ ದಂಡೆಯಲ್ಲಿದೆ. ಅಲ್ಲಿ ಸೆಳೆತವಿಲ್ಲ, ಆದರೆ ವಿಶಾಲ ಜಲರಾಶಿಯಾದ್ದರಿಂದ ಗಾಳಿ ಎದ್ದರೆ ಹೊಸಬರಿಗೆ ದಡ ಸೇರುವುದು ಪ್ರಯಾಸ. ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾವನಗಳು, ಮೂಲ್ಕಿಯಲ್ಲಿ ಶಾಂಭವಿ ನದಿ, ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾನದಿಯ ಹಿನ್ನೀರು, ಇವು ಮೊದಲ ಯಾನಕ್ಕೆ ಹೇಳಿ ಮಾಡಿಸಿದಂಥವು.

ಈ ಪೈಕಿ ಸಾಲಿಗ್ರಾಮವನ್ನು ಇಲ್ಲಿ ಮುಂದಿಡಲು ಕಾರಣಗಳಿವೆ. ಹಿನ್ನೀರು ಅಷ್ಟೇನೂ ಅಗಲವಿಲ್ಲ, ಕಾಂಡ್ಲಾ ಗಿಡಗಳ ನಡುವಣ ಕಾಲುವೆಗಳಲ್ಲಿ ಗಾಳಿಯ ಹೊಡೆತ ಕಡಿಮೆ, ಸ್ಥಳೀಯ ಯುವಕರೇ ಕಯಾಕ್ ನಡೆಸುತ್ತಾರೆ. ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆ ಕೋಡಿಬೆಂಗ್ರೆಯಲ್ಲಿದೆ. ಶಿವರಾಮ ಕಾರಂತರ ಹುಟ್ಟೂರು ಕೋಟ ಪಕ್ಕದಲ್ಲೇ ಇದೆ. ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಈ ನೆಲ ಅಪರಿಚಿತವೆನಿಸದು. ಹಿರಿಯರಿಗೆ ಗುರುನರಸಿಂಹನ ದರ್ಶನವೂ ಆದೀತು. ಮನೆಯ ಎಲ್ಲರೂ ಒಪ್ಪುವ ಪ್ರವಾಸಗಳು ಎಷ್ಟಿವೆ?

ನೀರಿನ ಲೆಕ್ಕ

ಹಿನ್ನೀರಿನ ಯಾನದಲ್ಲಿ ಮೊದಲು ಗೊತ್ತುಪಡಿಸಬೇಕಾದದ್ದು ದೋಣಿಯನ್ನಲ್ಲ, ಹೊತ್ತನ್ನು. ಕರಾವಳಿಯವರು ಭರತ, ಇಳಿತ ಎನ್ನುವ ಸಮುದ್ರದ ಏರಿಳಿತ ದಿನಕ್ಕೆ ಎರಡು ಸಲ ಅಳಿವೆಯ ಮೂಲಕ ಹೊಳೆಯೊಳಗೆ ಬಂದು ಹೋಗುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಪ್ರತಿದಿನ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಸರಿಯಿದ್ದ ಹೊತ್ತು ಇನ್ನು ನಾಲ್ಕು ದಿನಕ್ಕೆ ಸರಿಯಿರುವುದಿಲ್ಲ. ನಮ್ಮ ಕರಾವಳಿಯಲ್ಲಿ ಏರಿಳಿತದ ಅಂತರ ಸಾಮಾನ್ಯವಾಗಿ ಎರಡು ಮೀಟರಿನೊಳಗೇ ಇರುತ್ತದಾದರೂ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಹೆಚ್ಚು, ಸೆಳೆತವೂ ಹೆಚ್ಚು. ಅಷ್ಟಮಿಯ ಸುತ್ತಮುತ್ತ ಎರಡೂ ಕಡಿಮೆ. ಮನೆಯಲ್ಲಿ ಪಂಚಾಂಗ ನೋಡುವವರಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಬಹುದು. ನಿಖರ ವೇಳೆಗೆ ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ‘ಇನ್‌ಕಾಯಿಸ್’ ಪ್ರಕಟಿಸುವ ಮುನ್ಸೂಚನೆಯನ್ನು ನೋಡತಕ್ಕದ್ದು.

ಇದೆಲ್ಲ ಏಕೆ ಮುಖ್ಯವೆಂಬುದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಹೊಸಬರು ನಿಂತ ನೀರಿನಲ್ಲಿ ಗಂಟೆಗೆ ಹೆಚ್ಚೆಂದರೆ 4 ಕಿ.ಮೀ. ಸಾಗಬಲ್ಲರು. ಇಳಿತದ ಸೆಳೆತ ಗಂಟೆಗೆ 2 ಕಿ.ಮೀ. ಎಂದಿಟ್ಟುಕೊಳ್ಳೋಣ. ಸೆಳೆತದ ಜತೆ 3 ಕಿ.ಮೀ. ಹೋಗಲು ಅರ್ಧ ಗಂಟೆ. ಅದೇ ದಾರಿಯಲ್ಲಿ ಎದುರು ಬರಲು ಒಂದೂವರೆ ಗಂಟೆ. ಹೋಗುವಾಗ ಉತ್ಸಾಹದಿಂದ ಹುಟ್ಟು ಹಾಕಿದ ಮಕ್ಕಳು ಬರುವಾಗ ತೋಳು ಸೋತು ಕೂತುಬಿಡುತ್ತಾರೆ, ದೋಣಿ ಅಳಿವೆಯ ಕಡೆಗೆ ಜಾರತೊಡಗುತ್ತದೆ. ಆದ್ದರಿಂದ ಮೊದಲು ಸೆಳೆತಕ್ಕೆ ಎದುರಾಗಿ ಹೋಗಿ, ದಣಿದ ಮೇಲೆ ಅದರ ಜತೆ ಮರಳುವಂತೆ ದಾರಿಯನ್ನು ಗೊತ್ತುಪಡಿಸಬೇಕು. ನೀರು ತೀರ ಇಳಿದ ಹೊತ್ತಿನಲ್ಲಿ ಕಾಂಡ್ಲಾ ಕಾಲುವೆಗಳಿಗೆ ನುಗ್ಗಿದರೆ ಕೆಸರಿನಲ್ಲಿ ಸಿಕ್ಕಿಕೊಳ್ಳುವ ಸಂಭವವೂ ಉಂಟು. ಭರತಕ್ಕೆ ಒಂದೆರಡು ಗಂಟೆ ಮುಂಚಿನಿಂದ ಭರತ ತುಂಬುವವರೆಗಿನ ಕಾಲ ಪ್ರಶಸ್ತ. ಅದೂ ಬೆಳಗ್ಗೆಯಾದರೆ ಇನ್ನೂ ಉತ್ತಮ, ಏಕೆಂದರೆ ಬಿಸಿಲೇರಿದ ಮೇಲೆ ಕಡಲ ಗಾಳಿ ಬೀಸತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ವಿಚಾರವನ್ನೇ ಮಾಡಬಾರದು. ಮಳೆ ನಿಂತ ಮೊದಲ ವಾರಗಳಲ್ಲೂ ಹೊಳೆ ಕೆಂಪಾಗಿಯೇ ಇರುತ್ತದೆ, ಇಲಿಜ್ವರದ ಭಯವೂ ಇರುತ್ತದೆ. ಕಾಲಿನಲ್ಲಿ ಗಾಯವಿದ್ದವರು ಇಳಿಯದಿರುವುದು ಲೇಸು.

ಈಜು ಮತ್ತು ಲೈಫ್ ಜಾಕೆಟ್

ಲೈಫ್ ಜಾಕೆಟ್ ಇದ್ದರೆ ಈಜು ಬಾರದಿದ್ದರೂ ನಡೆದೀತೆಂದು ದೋಣಿಯವರು ಹೇಳುವುದುಂಟು. ತೇಲುವುದಕ್ಕೆ ಅದು ನಿಜ. ಆದರೆ ಮುಖಕ್ಕೆ ನೀರು ರಾಚಿದೊಡನೆ ಗಾಬರಿಯಾಗುವ ಮಗು ಪಕ್ಕದವರನ್ನು ಅಪ್ಪಿ ಹಿಡಿದು ಇಬ್ಬರನ್ನೂ ಅಪಾಯಕ್ಕೆ ಒಡ್ಡುತ್ತದೆ. 50 ಮೀಟರು ಈಜುವುದು, ಐದು ನಿಮಿಷ ಅಂಗಾತ ತೇಲುವುದು, ಇಷ್ಟನ್ನಾದರೂ ದೆಹಲಿಯಲ್ಲೇ ಕಲಿಸಬೇಕು. ಇಲ್ಲೊಂದು ತೊಡಕಿದೆ. ನಮ್ಮ ಸಿರಿಫೋರ್ಟ್ ಮೊದಲಾದ ಕಡೆಯ ಬಯಲು ಈಜುಕೊಳಗಳು ಬೇಸಿಗೆಗೆ ತೆರೆದು ಚಳಿ ಬರುವ ಮುನ್ನ ಮುಚ್ಚುತ್ತವೆ. ಡಿಸೆಂಬರ್ ಪ್ರವಾಸಕ್ಕೆ ನವೆಂಬರ್‌ನಲ್ಲಿ ಈಜು ಕಲಿಯಹೊರಟರೆ ಕೊಳವೇ ಇರುವುದಿಲ್ಲ. ಪ್ರವಾಸದ ತಯಾರಿ ಏಪ್ರಿಲ್‌ನಲ್ಲಿ ಆರಂಭವಾಗಬೇಕು.

ಲೈಫ್ ಜಾಕೆಟ್ಟಿನ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು; ದೋಣಿಯಲ್ಲಿ ಮಿತಿಮೀರಿ ಜನ ತುಂಬಿದ್ದರು. ಅದಕ್ಕೆ ಸುಮಾರು ಒಂಬತ್ತು ವರ್ಷ ಮುಂಚೆ, 2009ರ ಸೆಪ್ಟೆಂಬರ್ 30ರಂದು, ಕೇರಳದ ತೇಕ್ಕಡಿಯಲ್ಲಿ 45 ಪ್ರವಾಸಿಗರು ಮುಳುಗಿದರು. ಅವು ದೊಡ್ಡ ದೋಣಿಗಳು ನಿಜ. ಜಾಕೆಟ್ ತೊಡದವನಿಗೆ ಸಣ್ಣ ದೋಣಿಯ ನೀರೂ ಅಷ್ಟೇ ಆಳ. ಜಾಕೆಟ್ಟಿನ ಒಳಪಟ್ಟಿಯಲ್ಲಿ ನ್ಯೂಟನ್ ಲೆಕ್ಕದಲ್ಲಿ ತೇಲುಬಲ ಬರೆದಿರುತ್ತದೆ. 50 ಎಂದಿದ್ದರೆ ಅದು ಈಜು ಬಲ್ಲವರಿಗೆ ಮಾತ್ರ. ಈಜು ಬಾರದವರಿಗೆ 100 ಇರುವುದನ್ನು ಕೇಳಿ ಪಡೆಯಬೇಕು. ಎಲ್ಲ ಬಕಲ್‌ಗಳನ್ನು ಬಿಗಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಏರಿದರೆ ಅದು ಅಳತೆಗೆ ದೊಡ್ಡದು. ದೊಡ್ಡವರ ಜಾಕೆಟ್ಟನ್ನೇ ಬಿಗಿದು ಕಟ್ಟಿ ಮಕ್ಕಳಿಗೆ ತೊಡಿಸಲು ಬಂದರೆ ಆ ದಿನದ ಯಾನವನ್ನು ಕೈಬಿಟ್ಟು ದೇವಸ್ಥಾನಕ್ಕೆ ಹೋಗಿಬನ್ನಿ.

ದೋಣಿಯ ಆಯ್ಕೆ ಸರಳ. ಮೇಲೆ ಕುಳಿತುಕೊಳ್ಳುವ, ಒಳಗೆ ಕಾಲು ಸಿಕ್ಕಿಕೊಳ್ಳದ ಅಗಲವಾದ ಕಯಾಕನ್ನೇ ಕೇಳಿ. ಮಗುಚಿದರೆ ಸವಾರ ತಾನಾಗಿಯೇ ಹೊರಗೆ ಬೀಳುತ್ತಾನೆ. ಮಗುವಿನೊಡನೆ ಇಬ್ಬರ ದೋಣಿಯಲ್ಲಿ ಹೋಗುವಾಗ ಹಿರಿಯರು ಹಿಂದೆ ಕೂರಬೇಕು, ಚುಕ್ಕಾಣಿಯ ಕೆಲಸ ಹಿಂದಿನವರದು. ಬರಿ ತೋಳಿನಿಂದಲ್ಲ, ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿ ಹುಟ್ಟು ಎಳೆದರೆ ಆಯಾಸ ಅರ್ಧಕ್ಕೆ ಇಳಿಯುತ್ತದೆ. ಹೊರಡುವ ಮುನ್ನ ಸೊಂಟದಾಳದ ನೀರಿನಲ್ಲಿ ಒಮ್ಮೆ ಬೇಕೆಂದೇ ಮಗುಚಿ, ದೋಣಿಯನ್ನು ಬಿಡದೆ ಹಿಡಿದು, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಹತ್ತಿ, ಹೊರಳಿ ಕೂರುವುದನ್ನು ಅಭ್ಯಾಸ ಮಾಡಬೇಕು. ಮಾರ್ಗದರ್ಶಕ ಇದಕ್ಕೆ ಸಮಯವಿಲ್ಲ ಎಂದರೆ ಬೇರೆ ಮಾರ್ಗದರ್ಶಕನನ್ನು ಹುಡುಕಿ. ಅವರ ತರಬೇತಿಯ ಬಗ್ಗೆ ವಿಚಾರಿಸುವುದು ಅಗೌರವವಲ್ಲ. ಗೋವೆಯಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ, ಕರ್ನಾಟಕದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇವುಗಳಲ್ಲಿ ಕಲಿತವರು ಸಂತೋಷದಿಂದಲೇ ಹೇಳುತ್ತಾರೆ.

ಜೀನ್ಸ್ ಬೇಡ, ಒದ್ದೆಯಾದರೆ ಕಲ್ಲಿನ ಭಾರ. ಹಳೆಯ ಕ್ಯಾನ್ವಾಸ್ ಬೂಟು ಇರಲಿ. ಕಾಂಡ್ಲಾ ಬೇರುಗಳಿಗೆ ಅಂಟಿದ ಚಿಪ್ಪುಗಳು ಪಾದವನ್ನು ಸೀಳುತ್ತವೆ. ಕನ್ನಡಕಕ್ಕೆ ದಾರ ಕಟ್ಟಬೇಕು. ಮೂರ್ಛೆ, ಹೃದಯದ ತೊಂದರೆ ಇದ್ದವರು ಅದನ್ನು ಮುಚ್ಚಿಡಬಾರದು.

ಹೊರಡುವ ಮುನ್ನ ಮುಂದಿಡುವ ಇಂಡೆಮ್ನಿಟಿ ಪತ್ರಕ್ಕೆ ಓದದೆ ಸಹಿ ಹಾಕುವವರೇ ಹೆಚ್ಚು. ಬ್ಯಾಂಕಿನ ಮೇಜಿನ ಈಚೆ ಕುಳಿತು ಮೂವತ್ತು ವರ್ಷ ಇದನ್ನೇ ನೋಡಿದವನ ಮಾತೆಂದು ತಿಳಿಯಿರಿ: ಮಕ್ಕಳ ಪರವಾಗಿ ನೀವು ಏನನ್ನು ಬಿಟ್ಟುಕೊಡುತ್ತಿದ್ದೀರೆಂಬುದು ಅದರಲ್ಲಿರುತ್ತದೆ. ಹಾಗೆಯೇ ಅನೇಕ ಅಪಘಾತ ವಿಮೆಗಳು ಸಾಹಸಕ್ರೀಡೆಯನ್ನು ಹೊರಗಿಡುತ್ತವೆ. ಪಾಲಿಸಿಯ ಹೊರತುಪಡಿಕೆಗಳ ಪುಟವನ್ನು ದೆಹಲಿಯಲ್ಲೇ ಓದಿಟ್ಟುಕೊಳ್ಳಿ. ಯಾರು ಯಾರು, ಯಾವ ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಉಳಿಯುವ ಹಿರಿಯರ ಕೈಗೆ ಕೊಡತಕ್ಕದ್ದು.

ನಿಜಾಮುದ್ದೀನ್‌ನಿಂದ ಹೊರಡುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಕೊಂಕಣ ಮಾರ್ಗವಾಗಿ ಮರುದಿನ ಉಡುಪಿ ಮುಟ್ಟಿಸುತ್ತದೆ. ಅಲ್ಲಿಂದ ಸಾಲಿಗ್ರಾಮಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 25 ಕಿ.ಮೀ. ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್‌ನಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿರುವುದರಿಂದ ಡಿಸೆಂಬರ್ 25ರ ಟಿಕೆಟ್ ಅಕ್ಟೋಬರ್ 26ರಂದು ತೆರೆಯುತ್ತದೆ. ಆ ಹೊತ್ತಿಗೆ ತಿಥಿ, ಭರತದ ವೇಳೆ ಎರಡನ್ನೂ ನೋಡಿ ಯಾನದ ದಿನವನ್ನು ಗುರುತು ಹಾಕಿಕೊಂಡಿರಬೇಕು. ಡಿಸೆಂಬರ್‌ನ ಮಂಜಿನಲ್ಲಿ ದೆಹಲಿಯಿಂದ ರೈಲು ತಡವಾಗುವುದು ಸಾಮಾನ್ಯವಾದ್ದರಿಂದ, ತಲುಪಿದ ಮರುದಿನ ಬೆಳಗ್ಗೆ ದೋಣಿ ಗೊತ್ತುಮಾಡದೆ ಒಂದು ದಿನ ಬಿಟ್ಟು ಇಟ್ಟುಕೊಳ್ಳಿ.