ಒಂದೇ ಕೋಶ, ವಿಳಾಸ ಸಿಗೋಕೆ 120 ವರ್ಷ

ಕೋಶ ಅಂದ್ರೆ ಮೈಕ್ರೋಸ್ಕೋಪ್ ಇಲ್ಲದೆ ಕಾಣಲ್ಲ ಅಂದ್ಕೊಂಡಿದ್ದೀರಾ? ಹಾಗಾದ್ರೆ ಝೆನೋಫಯೋಫೋರ್ ಕಥೆ ಕೇಳಿ. ಆಳಸಮುದ್ರದ ಕೆಸರಲ್ಲಿ ವಾಸ. ಕೆಲವು 10 ಸೆಂಟಿಮೀಟರ್ ದಾಟುತ್ತವೆ, ಆದ್ರೂ ಇಡೀ ಜೀವಿ ಒಂದೇ ಕೋಶ! ಒಳಗೆ ಹಲವಾರು ನ್ಯೂಕ್ಲಿಯಸ್. ಹೊರಗೆ ಮರಳು, ಚಿಪ್ಪಿನ ಚೂರು ಅಂಟಿಸಿ ತಾನೇ ಕಟ್ಟಿಕೊಂಡ ಗೂಡು.

1882ರಲ್ಲಿ ಸ್ಕಾಟ್ಲೆಂಡ್ ಆಚೆಯ ಸಮುದ್ರದಿಂದ 'ಟ್ರೈಟನ್' ಹಡಗು ಇಂಥದ್ದೊಂದನ್ನು ಮೇಲೆತ್ತಿತು. ಹೆನ್ರಿ ಬ್ರೇಡಿ ಅದನ್ನು ನೋಡಿ, ಇದು ಫೊರಾಮಿನಿಫೆರಾ, ಅಂದ್ರೆ ಚಿಪ್ಪು ಕಟ್ಟುವ ಏಕಕೋಶ ಜೀವಿಗಳ ಗುಂಪಿನದು ಅಂದ್ರು. 1883ರಲ್ಲಿ ಇಟ್ಟ ಹೆಸರು ಸಿರಿಂಗಮಿನಾ ಫ್ರಾಜಿಲಿಸಿಮಾ. ಫ್ರಾಜಿಲಿಸಿಮಾ ಅಂದ್ರೆ 'ತುಂಬಾ ನಾಜೂಕು'. ಮುಟ್ಟಿದ್ರೆ ಪುಡಿ.

ಗೊಂದಲಕ್ಕೆ ಈ ನಾಜೂಕೂ ಒಂದು ಕಾರಣ. ಬಲೆಯಲ್ಲಿ ಬರ್ತಿದ್ದದ್ದು ಬರೀ ಚೂರುಗಳು. 1889ರಲ್ಲಿ, 'ಚಾಲೆಂಜರ್' ಹಡಗು ತಂದ ಇಂಥದೇ ಜೀವಿಗಳಲ್ಲಿ ನಾರಿನಂಥ ಎಳೆ ಕಂಡ ಅರ್ನ್‌ಸ್ಟ್ ಹೆಕೆಲ್, ಇವು ಸ್ಪಂಜು ಅಂತ ಬರೆದ್ರು. ಹೆಕೆಲ್ ಅಂದ್ರೆ ಆಗ ದೊಡ್ಡ ಹೆಸರು. ಆದ್ರೆ 1892ರಲ್ಲಿ ಆಕ್ಸೆಲ್ ಗೋಯೆಸ್ 'ಹೊಸ ಫೊರಾಮಿನಿಫೆರಾ' ಅಂತ ವರ್ಣಿಸಿದ ಜೀವಿ, ಮರುವರ್ಷ ನೋಡಿದ್ರೆ ಹೆಕೆಲ್‌ರ ಸ್ಪಂಜೇ! ಒಂದೇ ಜೀವಿ, ಎರಡು ಮನೆ.

ಆಮೇಲೆ ಬಂದವರು ಸ್ಪಂಜುಗಳನ್ನೇ ಅರೆದು ಕುಡಿದಿದ್ದ ಜರ್ಮನಿಯ ಎಫ್. ಇ. ಷುಲ್ಜ್. 1904ರಲ್ಲಿ ಇವರು, ಇದು ಸ್ಪಂಜಲ್ಲ, ಏಕಕೋಶ ಜೀವಿ ಅಂದು ಬೇರೆಯದೇ ಗುಂಪು ಮಾಡಿದ್ರು: ಝೆನೋಫಯೋಫೋರಾ, ಅಂದ್ರೆ 'ಪರವಸ್ತು ಹೊತ್ತವರು'. ಕೊನೆಗೆ 2003ರಲ್ಲಿ ಜಿನೀವಾದ ಯಾನ್ ಪಾವ್ಲೋವ್ಸ್ಕಿ ತಂಡ ಡಿಎನ್‌ಎ ಓದಿತು. ಉತ್ತರ? ಫೊರಾಮಿನಿಫೆರಾ. ಬ್ರೇಡಿ ಹೇಳಿದ್ದೇ ಸರಿ!

'ಯಾವ ಗುಂಪಾದ್ರೆ ನಮಗೇನು' ಅನ್ಬೇಡಿ. ಪೆಸಿಫಿಕ್ ತಳದ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ ಮ್ಯಾಂಗನೀಸ್, ನಿಕಲ್, ಕೋಬಾಲ್ಟ್ ಇರೋ ಗಂಟುಕಲ್ಲುಗಳಿವೆ. ಅವನ್ನು ಬಾಚೋಕೆ ಕಂಪನಿಗಳು ಕಾಯ್ತಿವೆ. ಅದೇ ಕಲ್ಲುಗಳ ಮೇಲೆ, ಸುತ್ತಲ ಕೆಸರಲ್ಲಿ ಈ ಜೀವಿಗಳ ಹತ್ತಾರು ಪ್ರಭೇದಗಳಿವೆ. ಎಷ್ಟೋ ಪ್ರಭೇದಗಳಿಗೆ ಹೆಸರಿಟ್ಟಿದ್ದೇ ಇತ್ತೀಚೆಗೆ. ಪಟ್ಟಿಯಲ್ಲೇ ಇಲ್ಲದ್ದು ಅಳಿದುಹೋದ್ರೆ ಲೆಕ್ಕಕ್ಕೂ ಸಿಗಲ್ಲ. ಮುಟ್ಟಿದ್ರೆ ಪುಡಿಯಾಗೋ ಜೀವಿ ಯಂತ್ರದ ಎದುರು ಉಳಿಯುತ್ತಾ?

ಗಣಿ ಮೊದಲಾ, ಪಟ್ಟಿ ಮೊದಲಾ? ನೀವೇ ಕಾಮೆಂಟಲ್ಲಿ ಹೇಳಿ.

#ಸಮುದ್ರದಕಥೆ #ಕನ್ನಡದಲ್ಲಿವಿಜ್ಞಾನ